ಪ್ಲೇಗು, ಲಸಿಕೆ ಮತ್ತು ಸಮ್ಮತಿ: 1898ರ ಹುಬ್ಬಳ್ಳಿ

ಇನ್ನೂ ಪರೀಕ್ಷೆಯ ಹಂತದಲ್ಲಿರುವ ಔಷಧಕ್ಕೆ ಜನರು ತಾವಾಗಿಯೇ ಮೈಯೊಡ್ಡುವುದೇಕೆ ಎಂಬ ಪ್ರಶ್ನೆಗೆ ಹುಬ್ಬಳ್ಳಿಯ ಪ್ಲೇಗಿನ ಚರಿತ್ರೆ ಮಹತ್ವದ ನಿದರ್ಶನವಾಗಿದೆ. ವಾಲ್ಡೆಮಾರ್ ಹಾಫ್‌ಕಿನ್ ಅವರು ಮುಂಬಯಿಯಲ್ಲಿ ಸಿದ್ಧಪಡಿಸಿದ ಲಸಿಕೆಯನ್ನು 1897ರ ಜನವರಿ 10ರಂದು ಮೊದಲು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡರು. ಅದೇ ತಿಂಗಳ ಕೊನೆಯಲ್ಲಿ ಬೈಕಲಾ ಸೆರೆಮನೆಯ ಕೈದಿಗಳಲ್ಲಿ ಒಪ್ಪಿ ಮುಂದೆ ಬಂದವರಿಗೆ ಅದನ್ನು ಹಾಕಲಾಯಿತು. ಮರುವರ್ಷ ಹುಬ್ಬಳ್ಳಿಯಲ್ಲಿ ವೈದ್ಯಾಧಿಕಾರಿ ಲ್ಯೂಮನ್ ಅವರ ನೇತೃತ್ವದಲ್ಲಿ ಸಾವಿರಾರು ಜನರು ಚುಚ್ಚಿಸಿಕೊಂಡರು. ಲಸಿಕೆ ಪಡೆದವರ ಹಾಗೂ ಪಡೆಯದವರ ಮರಣಸಂಖ್ಯೆಗಳನ್ನು ಅಲ್ಲಿ ಹೋಲಿಸಿದ್ದರಿಂದ, ಇದು ರಕ್ಷಣಾಕಾರ್ಯದ ಜೊತೆಗೆ ಸಂಶೋಧನೆಯೂ ಆಗಿತ್ತು.

ಜ್ವರ, ತೋಳಿನ ಬಾವು ಈ ಲಸಿಕೆಯ ಸಾಮಾನ್ಯ ಪರಿಣಾಮಗಳು. ಕೂಲಿಕಾರರಿಗೆ ಅದು ದುಡಿಮೆಯ ನಷ್ಟವೂ ಹೌದು. ಆದರೂ ಜನರು ಒಪ್ಪಲು ಸಾವಿನ ಭೀತಿಯೊಂದೇ ಕಾರಣವಲ್ಲ. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯು ಮನೆ ಶೋಧನೆಗೆ, ರೋಗಿಗಳನ್ನು ಕುಟುಂಬದಿಂದ ಬೇರ್ಪಡಿಸುವುದಕ್ಕೆ ಅಧಿಕಾರ ನೀಡಿತ್ತು. ಮುಂಬಯಿ ಪ್ರಾಂತದಲ್ಲಿ ಲಸಿಕೆಯ ಪ್ರಮಾಣಪತ್ರವುಳ್ಳವರಿಗೆ ಇಂತಹ ಕೆಲವು ನಿರ್ಬಂಧಗಳಿಂದ ವಿನಾಯಿತಿ ದೊರೆಯುತ್ತಿತ್ತು. ಬಲವಂತವಿಲ್ಲದಿದ್ದರೂ ಆಯ್ಕೆ ಮಾತ್ರ ಕಿರಿದಾಗಿತ್ತು.

ಆದುದರಿಂದ ಲಸಿಕೆ ಪಡೆದವರ ಸಂಖ್ಯೆಯನ್ನೇ ವಿಶ್ವಾಸದ ಅಳತೆಗೋಲೆಂದು ಭಾವಿಸುವುದು ಸರಿಯಲ್ಲ. ಹುಬ್ಬಳ್ಳಿಯ ಪೇಟೆಯೊಡನೆ ವ್ಯವಹರಿಸುತ್ತ ಬಂದ ಸುಳ್ಳದಂತಹ ಗ್ರಾಮಗಳ ಚರಿತ್ರೆಯನ್ನು ಬರೆಯುವಾಗಲೂ ಈ ಎಚ್ಚರ ಅಗತ್ಯ. ಒಪ್ಪಿದವರೆಷ್ಟು ಎಂಬುದರೊಡನೆ, ಒಪ್ಪದಿದ್ದರೆ ಅವರು ಕಳೆದುಕೊಳ್ಳುತ್ತಿದ್ದುದೇನು ಎಂಬುದನ್ನೂ ಸಂಶೋಧಕರು ಕೇಳಬೇಕಾಗುತ್ತದೆ.