ದ ನೈಟ್ ಸರ್ಕಸ್

ಅಮೆರಿಕದ ಲೇಖಕಿ ಎರಿನ್ ಮಾರ್ಗನ್‌ಸ್ಟರ್ನ್ ಅವರ ಮೊದಲ ಕಾದಂಬರಿ. ಡಬಲ್‌ಡೇ ಸಂಸ್ಥೆ ಇದನ್ನು 2011ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ರಾತ್ರಿ ಮಾತ್ರ ತೆರೆದಿರುವ ಮಾಯಾ ಸರ್ಕಸ್ಸೊಂದರಲ್ಲಿ ಇಬ್ಬರು ಮಾಂತ್ರಿಕರ ನಡುವೆ ನಡೆಯುವ ಪಂದ್ಯ ಮತ್ತು ಅವರ ಪ್ರೇಮ ಇದರ ವಸ್ತು. ಕಥೆ 1873ರಲ್ಲಿ ಆರಂಭವಾಗಿ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳವರೆಗೆ ಸಾಗುತ್ತದೆ.

ಹಿನ್ನೆಲೆ

1978ರಲ್ಲಿ ಜನಿಸಿದ ಮಾರ್ಗನ್‌ಸ್ಟರ್ನ್ ಮ್ಯಾಸಚೂಸೆಟ್ಸ್‌ನ ಸ್ಮಿತ್ ಕಾಲೇಜಿನಲ್ಲಿ ರಂಗಭೂಮಿ ಮತ್ತು ಚಿತ್ರಕಲೆ ಓದಿದವರು. ನವೆಂಬರ್ ತಿಂಗಳೊಂದರಲ್ಲೇ 50,000 ಪದಗಳ ಕಾದಂಬರಿ ಬರೆಯುವ ‘ನ್ಯಾನೊರೈಮೊ’ ಸವಾಲಿಗಾಗಿ ಅವರು ಬರೆಯುತ್ತಿದ್ದ ಬೇರೊಂದು ಕಥೆ ಮುಂದೆ ಸಾಗದಾಯಿತು. ಆಗ ಪಾತ್ರಗಳನ್ನು ಒಂದು ಸರ್ಕಸ್ಸಿಗೆ ಕಳುಹಿಸಿದರು. ಮೂಲ ಕಥೆ ಹಿಂದೆ ಸರಿದು ಸರ್ಕಸ್ಸೇ ಕೃತಿಯಾಗಿ ಬೆಳೆಯಿತು. ಪ್ರೇಕ್ಷಕರು ಕುರ್ಚಿಯಲ್ಲಿ ಕೂರದೆ ನಾಟಕದೊಳಗೇ ಓಡಾಡುವಂಥ ಪ್ರಯೋಗಗಳಿಗೆ ಹೆಸರಾದ ಬ್ರಿಟನ್ನಿನ ಪಂಚ್‌ಡ್ರಂಕ್ ತಂಡದ ಪ್ರಭಾವವನ್ನೂ ಲೇಖಕಿ ಸ್ಮರಿಸಿದ್ದಾರೆ. ಅನೇಕ ಸಾಹಿತ್ಯ ಏಜೆಂಟರು ಒಪ್ಪದ ಹಸ್ತಪ್ರತಿಯನ್ನು ಪದೇ ಪದೇ ತಿದ್ದಿ ಬರೆದ ಮೇಲೆ 2010ರಲ್ಲಿ ಪ್ರಕಾಶಕರು ದೊರೆತರು.

ಕಥಾವಸ್ತು

‘ಪ್ರಾಸ್ಪೆರೊ’ ಎಂಬ ಹೆಸರಿನಲ್ಲಿ ಪ್ರದರ್ಶನ ನೀಡುವ ಹೆಕ್ಟರ್ ಬೋವೆನ್ ನಿಜವಾದ ಮಾಯೆಯನ್ನೇ ಕೈಚಳಕವೆಂದು ನಂಬಿಸುವ ಜಾದೂಗಾರ. ಬೂದು ಸೂಟಿನ ಅಲೆಕ್ಸಾಂಡರ್ ಅವನ ಹಳೆಯ ಪ್ರತಿಸ್ಪರ್ಧಿ. ಮಾಯಾವಿದ್ಯೆ ಹುಟ್ಟಿನಿಂದ ಬರಬೇಕೆಂಬುದು ಒಬ್ಬನ ವಾದವಾದರೆ, ಯಾರಿಗಾದರೂ ಕಲಿಸಬಹುದೆಂಬುದು ಇನ್ನೊಬ್ಬನದು. ಅದನ್ನು ಸಾಧಿಸಲು ಹೆಕ್ಟರ್ ತನ್ನ ಮಗಳು ಸೀಲಿಯಾಳನ್ನು, ಅಲೆಕ್ಸಾಂಡರ್ ಲಂಡನ್ನಿನ ಅನಾಥಾಲಯದ ಹುಡುಗ ಮಾರ್ಕೊನನ್ನು ಪಣಕ್ಕೆ ಒಡ್ಡುತ್ತಾರೆ. ಕಲಿಕೆ ನಿರ್ದಯವಾದುದು. ಹೆಕ್ಟರ್ ಮಗಳ ಬೆರಳ ತುದಿಗಳನ್ನು ಒಂದೊಂದಾಗಿ ಕೊಯ್ದು, ಅವಳೇ ವಾಸಿಮಾಡಿಕೊಳ್ಳಲಿ ಎಂದು ಕಾಯುತ್ತಾನೆ.

ಪಂದ್ಯದ ಕಣವಾಗಿ 1886ರಲ್ಲಿ ‘ಲ ಸಿರ್ಕ್ ದೆ ರೆವ್’, ಅಂದರೆ ಕನಸುಗಳ ಸರ್ಕಸ್, ಲಂಡನ್ನಿನಲ್ಲಿ ಆರಂಭವಾಗುತ್ತದೆ. ಸೀಲಿಯಾ ಅದರ ಜಾದೂಗಾರ್ತಿ. ಮಾರ್ಕೊ ಸಂಸ್ಥಾಪಕ ಚಂದ್ರೇಶನ ಸಹಾಯಕ. ಪಂದ್ಯದ ನಿಯಮಗಳನ್ನಾಗಲಿ ಕೊನೆಯನ್ನಾಗಲಿ ಇಬ್ಬರಿಗೂ ಯಾರೂ ತಿಳಿಸಿರುವುದಿಲ್ಲ. ಎದುರಾಳಿಯನ್ನು ಮೀರಿಸಲೆಂದು ಕಟ್ಟಿದ ಡೇರೆಗಳು ಕ್ರಮೇಣ ಪರಸ್ಪರ ಕಳುಹಿಸುವ ಪ್ರೇಮಪತ್ರಗಳಾಗುತ್ತವೆ. ಇಬ್ಬರಲ್ಲಿ ಒಬ್ಬರು ಕುಸಿದು ಸಾಯುವವರೆಗೆ ಪಂದ್ಯ ಮುಗಿಯದೆಂಬುದು, ಹಿಂದೊಮ್ಮೆ ಇಂಥದೇ ಪಂದ್ಯ ಗೆದ್ದ ಸುಕಿಕೊ ಎಂಬ ಕಲಾವಿದೆಯಿಂದ ಕೊನೆಗೆ ತಿಳಿಯುತ್ತದೆ. ಇಬ್ಬರೂ ದೇಹ ತೊರೆದು ಸರ್ಕಸ್ಸಿನಲ್ಲೇ ಲೀನರಾಗುತ್ತಾರೆ. ಅದನ್ನು ಕಾಯುವ ಹೊಣೆ ಕಾನ್ಕರ್ಡ್ ಊರಿನ ಹಳ್ಳಿಹುಡುಗ ಬೇಯ್ಲಿಯ ಪಾಲಿಗೆ ಬರುತ್ತದೆ.

ಸರ್ಕಸ್ಸಿನ ಲೋಕ

ಸರ್ಕಸ್ಸು ಮುನ್ಸೂಚನೆಯಿಲ್ಲದೆ ಊರಿಗೆ ಬರುತ್ತದೆ, ಮುಸ್ಸಂಜೆಗೆ ತೆರೆದು ಬೆಳಗಿನ ಜಾವಕ್ಕೆ ಮುಚ್ಚುತ್ತದೆ. ಡೇರೆ, ನೆಲ, ಉಡುಪು ಎಲ್ಲವೂ ಕಪ್ಪು ಬಿಳುಪು. ಒಂದು ಡೇರೆಯೊಳಗೆ ಹಿಮದಿಂದಲೇ ಅರಳಿದ ತೋಟ, ಇನ್ನೊಂದರಲ್ಲಿ ಬಯಕೆಗಾಗಿ ಮೋಂಬತ್ತಿ ಹಚ್ಚುವ ಮರ. ದ್ವಾರದಲ್ಲಿ ಜರ್ಮನಿಯ ಫ್ರೆಡ್ರಿಕ್ ಥೀಸೆನ್ ಮಾಡಿದ ಗಡಿಯಾರವಿದೆ. ಅದರ ಮುಖ ಬಿಳಿಯಿಂದ ಬೂದಿಗೆ, ಬೂದಿನಿಂದ ಕಪ್ಪಿಗೆ ತಿರುಗುತ್ತದೆ. ಒಳಗಿನ ಬೊಂಬೆ ಗಂಟೆಗೊಂದು ಚೆಂಡು ಹೆಚ್ಚಿಸಿಕೊಂಡು ಎಸೆದಾಡುತ್ತದೆ. ಸರ್ಕಸ್ಸಿನ ಬೆನ್ನುಹತ್ತಿ ಊರೂರು ತಿರುಗುವ ಅಭಿಮಾನಿಗಳು ಕೆಂಪು ಶಾಲು ತೊಟ್ಟು ಒಬ್ಬರನ್ನೊಬ್ಬರು ಗುರುತಿಸುತ್ತಾರೆ.

ನಿರೂಪಣೆ

ಕಥನ ವರ್ತಮಾನಕಾಲದಲ್ಲಿದೆ, ಕಾಲಗಳು ಹಿಂದುಮುಂದಾಗಿ ಹೆಣೆದುಕೊಂಡಿವೆ. ಅಲ್ಲಲ್ಲಿ ಬರುವ ಕಿರು ಅಧ್ಯಾಯಗಳು ಓದುಗರನ್ನೇ ‘ನೀವು’ ಎಂದು ಕರೆದು ಡೇರೆಗಳ ನಡುವೆ ನಡೆಸುತ್ತವೆ.

ಸ್ವೀಕಾರ

ಕೃತಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಜನಪ್ರಿಯ ಪುಸ್ತಕಗಳ ಪಟ್ಟಿ ಸೇರಿತು. 2012ರಲ್ಲಿ ಅಮೆರಿಕದ ಗ್ರಂಥಾಲಯ ಸಂಘದ ಅಲೆಕ್ಸ್ ಪ್ರಶಸ್ತಿ ಮತ್ತು ಮೊದಲ ಕಾದಂಬರಿಗೆ ಸಲ್ಲುವ ಲೋಕಸ್ ಪ್ರಶಸ್ತಿ ಪಡೆಯಿತು. ಶ್ರವ್ಯ ಆವೃತ್ತಿಗೆ ಜಿಮ್ ಡೇಲ್ ದನಿ ನೀಡಿದ್ದಾರೆ. ಸಿನಿಮಾ ಹಕ್ಕನ್ನು ಸಮ್ಮಿಟ್ ಎಂಟರ್‌ಟೇನ್‌ಮೆಂಟ್ ಕೊಂಡಿತು. ವರ್ಣನೆಯ ಭಾರಕ್ಕೆ ಕಥೆಯ ಓಟ ಕುಂಠಿತವಾಗಿದೆ, ಪ್ರೇಮಿಗಳ ಒಳಬದುಕು ತೆಳುವಾಗಿದೆ ಎಂಬ ಆಕ್ಷೇಪಗಳಿವೆ. ಆದರೆ ಇಲ್ಲಿನ ಪ್ರೇಮ ಮಾತಿಗಿಂತ ಹೆಚ್ಚಾಗಿ ಕಟ್ಟಿದ ವಸ್ತುಗಳಲ್ಲಿ ವ್ಯಕ್ತವಾಗುವುದರಿಂದ, ಡೇರೆಗಳ ವರ್ಣನೆಯೇ ಪ್ರೇಮಕಥೆಯ ತಿರುಳು. ಹಿರಿಯರ ಹಟಕ್ಕೆ ಮಕ್ಕಳ ಬದುಕನ್ನು ಪಣವಿಡುವ ಕ್ರೌರ್ಯಕ್ಕೆ ಸೃಷ್ಟಿಕಾರ್ಯವೇ ಉತ್ತರವಾಗಬಲ್ಲುದೆಂದು ತೋರಿಸಿದ್ದು ಈ ಕಾದಂಬರಿಯ ದೊಡ್ಡ ಗುಣ. ಲೇಖಕಿಯ ಎರಡನೆಯ ಕಾದಂಬರಿ ‘ದ ಸ್ಟಾರ್‌ಲೆಸ್ ಸೀ’ 2019ರಲ್ಲಿ ಬಂದಿತು.