ಮರಳಿನಿಂದ ಕಾಪಿ ಪುಸ್ತಕಕ್ಕೆ: ನಾಲ್ಕು ವರ್ಷದ ಮಗು ಕೂಡಿಸಿ ಬರೆಯಬಹುದೇ?

ಜೂನ್ ತಿಂಗಳು ಬಂತೆಂದರೆ ನಮ್ಮ ಊರುಗಳ ಪುಸ್ತಕದಂಗಡಿಗಳಲ್ಲಿ ನಾಲ್ಕು ಗೆರೆಯ ಕಾಪಿ ಪುಸ್ತಕಗಳ ಕಟ್ಟು ಬಿಚ್ಚುತ್ತಾರೆ. ಕೊಳ್ಳುವವರಲ್ಲಿ ಎಲ್‌ಕೆಜಿ, ಯುಕೆಜಿ ಮಕ್ಕಳ ತಂದೆತಾಯಿಯರೂ ಇರುತ್ತಾರೆ. ನಾಲ್ಕೋ ಐದೋ ವರ್ಷದ ಮಗು ಆ ಗೆರೆಗಳ ನಡುವೆ ಇಂಗ್ಲಿಷ್ ಅಕ್ಷರಗಳನ್ನು ಒಂದಕ್ಕೊಂದು ಕೂಡಿಸಿ, ಪೆನ್ಸಿಲ್ ಎತ್ತದೆ ಬರೆಯಬೇಕು. ಇದನ್ನೇ ನಾವು ಕರ್ಸಿವ್ ಎನ್ನುತ್ತೇವೆ. ಕೆಲವು ಶಾಲೆಗಳಿಗೆ ಅದು ಹೆಮ್ಮೆಯ ವಿಷಯ, ಎಷ್ಟೋ ಮನೆಗಳಲ್ಲಿ ಸಂಜೆಯ ಅಳುವಿಗೆ ಕಾರಣ. ಅಷ್ಟು ಚಿಕ್ಕ ಕೈ ಇದಕ್ಕೆ ಸಿದ್ಧವಾಗಿರುತ್ತದೆಯೇ ಎಂಬ ಪ್ರಶ್ನೆ ಆಗ ಏಳುತ್ತದೆ. ಪ್ರಶ್ನೆ ಹೊಸದೇನಲ್ಲ. ರೋಮಿನಲ್ಲಿ ಕೇಳಿದ್ದಾರೆ, ಲಂಡನ್ನಿನಲ್ಲಿ ಕೇಳಿದ್ದಾರೆ, ನಮ್ಮ ಬಳ್ಳಾರಿಯ ಕೂಲಿಮಠಗಳೂ ಅದಕ್ಕೆ ತಮ್ಮದೇ ಉತ್ತರ ಕಂಡುಕೊಂಡಿದ್ದವು.

ಮೊದಲು ರೋಮಿಗೆ ಹೋಗೋಣ. ಕ್ರಿಸ್ತಶಕ 95ರ ಸುಮಾರಿಗೆ ಕ್ವಿಂಟಿಲಿಯನ್ ಎಂಬ ಅಧ್ಯಾಪಕ ವಾಗ್ಮಿಗಳ ಶಿಕ್ಷಣದ ಬಗ್ಗೆ ದೊಡ್ಡ ಗ್ರಂಥವೊಂದನ್ನು ಬರೆದ. ಏಳು ವರ್ಷವಾಗುವ ತನಕ ಮಗುವಿಗೆ ಅಕ್ಷರ ಹೇಳಿಕೊಡಬಾರದು ಎನ್ನುವವರು ಅವನ ಕಾಲದಲ್ಲೂ ಇದ್ದರು. ಕ್ವಿಂಟಿಲಿಯನ್ ಅದನ್ನು ಒಪ್ಪಲಿಲ್ಲ. ಆದರೆ ಅವನು ಸೂಚಿಸಿದ ದಾರಿ ನೋಡಿ: ಮಗುವಿನ ಕೈಗೆ ಮೊದಲು ದಂತದಲ್ಲಿ ಕೊರೆದ ಅಕ್ಷರಗಳನ್ನು ಆಟಿಕೆಯಂತೆ ಕೊಡಬೇಕು. ಬರೆಯುವ ಹೊತ್ತಿಗೆ ಮರದ ಹಲಗೆಯಲ್ಲಿ ಅಕ್ಷರಗಳನ್ನು ಕೊರೆದು, ಆ ಗಾಡಿಯಲ್ಲೇ ಮಗು ಕಡ್ಡಿ ಓಡಿಸುವಂತೆ ಮಾಡಬೇಕು. ಮೇಣದ ಹಲಗೆಯ ಮೇಲಾದರೆ ಕಡ್ಡಿ ಜಾರುತ್ತದೆ, ಕೊರೆದ ಗಾಡಿಯಲ್ಲಿ ಜಾರುವುದಿಲ್ಲ, ಹಾಗಾಗಿ ಮೇಷ್ಟ್ರು ಕೈಹಿಡಿದು ಬರೆಸುವ ಅಗತ್ಯವೂ ಇಲ್ಲ. ಇಷ್ಟರ ಜೊತೆಗೆ ಅವನಿಗಿದ್ದ ದೊಡ್ಡ ಆತಂಕ ಒಂದೇ: ಇನ್ನೂ ಪ್ರೀತಿಸಲಾರದ ವಿದ್ಯೆಯನ್ನು ಮಗು ಈಗಲೇ ದ್ವೇಷಿಸಲು ಕಲಿತುಬಿಟ್ಟರೆ?

ಇನ್ನು ನಮ್ಮ ಕಡೆಗೆ ಬರೋಣ. 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಆಗಿದ್ದ ಎ. ಡಿ. ಕ್ಯಾಂಬೆಲ್, ಮದರಾಸು ಸರ್ಕಾರಕ್ಕೆ ತನ್ನ ಜಿಲ್ಲೆಯ ಶಾಲೆಗಳ ಬಗ್ಗೆ ಒಂದು ವರದಿ ಕಳಿಸಿದ. ಆಗ ಆ ಜಿಲ್ಲೆಯಲ್ಲಿದ್ದದ್ದು 533 ಶಾಲೆಗಳು. ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು. ಮಗು ಶಾಲೆಗೆ ಸೇರುತ್ತಿದ್ದುದು ಸಾಮಾನ್ಯವಾಗಿ ಐದರ ವಯಸ್ಸಿನಲ್ಲಿ. ಗಣಪತಿಯ ಮುಂದೆ ಕೂರಿಸಿ, ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ದೇವರ ಹೆಸರು ಬರೆಸುವುದರಿಂದ ಓದು ಶುರುವಾಗುತ್ತಿತ್ತು. ಆಮೇಲೆ ನೆಲದ ಮೇಲೆ ಹರಡಿದ ಮರಳು. ಯುರೋಪಿನಲ್ಲಿ ಮಕ್ಕಳು ಮೊದಲು ವರ್ಣಮಾಲೆಯನ್ನು ಬಾಯಿಪಾಠ ಮಾಡುತ್ತಾರೆ, ಇಲ್ಲಿ ಅಕ್ಷರವನ್ನು ಬೆರಳಿನಿಂದ ಬರೆಯುತ್ತಲೇ ಕಲಿಯುತ್ತಾರೆ ಎಂಬುದನ್ನು ಕ್ಯಾಂಬೆಲ್ ವಿಶೇಷವಾಗಿ ಗುರುತಿಸಿದ್ದಾನೆ.

ಮರಳಿನಲ್ಲಿ ಕೈ ಪಳಗಿದ ಮೇಲಷ್ಟೇ ಬೇರೆ ಸಾಧನಗಳು ಸಿಗುತ್ತಿದ್ದವು: ಓಲೆಗರಿಗೆ ಕಬ್ಬಿಣದ ಮೊನೆ, ಕಾಗದಕ್ಕೆ ಲಾಳದ ಕಡ್ಡಿ. ಆದರೆ ಹೆಚ್ಚು ಬಳಕೆಯಲ್ಲಿದ್ದದ್ದು ಹಲಗೆ ಮತ್ತು ಕಡತ. ಹಲಗೆಯೆಂದರೆ ಮೂರು ಅಡಿ ಉದ್ದ, ಒಂದು ಅಡಿ ಅಗಲದ ನಯವಾದ ಮರ. ಅದಕ್ಕೆ ಅನ್ನ ಮತ್ತು ಇದ್ದಿಲ ಪುಡಿ ಸವರಿದರೆ ಮುಗಿಯಿತು. ಕಡತವೆಂದರೆ ಗಂಜಿ ಹಾಕಿ ಗಟ್ಟಿ ಮಾಡಿ, ಪುಸ್ತಕದಂತೆ ಮಡಿಸಿ, ಇದ್ದಿಲು ಮತ್ತು ಅಂಟು ಬಳಿದ ಬಟ್ಟೆ. ಎರಡರ ಮೇಲೂ ಬಳಪದಲ್ಲಿ ಬರೆದು ಒದ್ದೆ ಬಟ್ಟೆಯಿಂದ ಒರೆಸಿಬಿಡಬಹುದಿತ್ತು. ಮರಳು, ಹಲಗೆ, ಕಡತ ಎಲ್ಲಕ್ಕೂ ಸಮಾನವಾದ ಗುಣವಿದು: ತಪ್ಪು ಉಳಿಯುವುದಿಲ್ಲ. ಕನ್ನಡದಲ್ಲಿ ‘ತಿದ್ದು’ ಎಂಬ ಒಂದೇ ಮಾತು ಅಕ್ಷರದ ಮೇಲೆ ಮತ್ತೆ ಮತ್ತೆ ಬೆರಳಾಡಿಸುವುದಕ್ಕೂ ಸಲ್ಲುತ್ತದೆ, ತಪ್ಪನ್ನು ಸರಿಪಡಿಸುವುದಕ್ಕೂ ಸಲ್ಲುತ್ತದೆ. ಆ ಶಾಲೆಗಳಲ್ಲಿ ಇವೆರಡೂ ಬೇರೆ ಬೇರೆ ಕೆಲಸಗಳಾಗಿರಲಿಲ್ಲ.

ಹಾಗಾದರೆ ಕೂಡಿಸಿ ಬರೆಯುವುದು? ಅದೂ ಇತ್ತು. ಶಾನುಭೋಗರ, ವ್ಯಾಪಾರಿಗಳ ಲೆಕ್ಕಪತ್ರಗಳಲ್ಲಿ ಕೈ ಎತ್ತದೆ ಓಡುವ ಮೋಡಿ ಬರಹವನ್ನು ಓದಲು ಕಷ್ಟಪಡುವ ಸಂಶೋಧಕರು ಇಂದಿಗೂ ಇದ್ದಾರೆ. ಆದರೆ ಬೇರೆ ಬೇರೆಯವರ ಕೈಬರಹದ ಕಾಗದಪತ್ರಗಳನ್ನು ಮೇಷ್ಟ್ರು ಸಂಗ್ರಹಿಸಿ ತಂದು ಓದಿಸುತ್ತಿದ್ದುದು ಅಕ್ಷರ, ಒತ್ತಕ್ಷರ, ಪದಗಳೆಲ್ಲ ಕೈವಶವಾದ ಮೇಲೆ. ಓಡುವ ಬರಹ ವ್ಯವಹಾರಕ್ಕೆ ಇಳಿಯುವವನ ವಿದ್ಯೆ. ಅದನ್ನು ಮರಳಿನ ಮುಂದೆ ಕೂತ ಐದರ ಹುಡುಗನಿಗೆ ಯಾರೂ ಹೇರುತ್ತಿರಲಿಲ್ಲ.

ಈ ಶಾಲೆಗಳನ್ನು ಹೊಗಳಿ ಅಟ್ಟಕ್ಕೇರಿಸಬೇಕಿಲ್ಲ. ಬೆಳಿಗ್ಗೆ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಲೆಕ್ಕ ಬೆಳೆಯುತ್ತಿತ್ತು ಎಂದು ಅದೇ ವರದಿ ಹೇಳುತ್ತದೆ. ಅರ್ಥ ತಿಳಿಯದೆ ಹಳೆಯ ಪದ್ಯಗಳನ್ನು ಉರು ಹೊಡೆಸುತ್ತಿದ್ದರೆಂಬ ದೂರೂ ಅದರಲ್ಲಿದೆ. ಶಿಕ್ಷೆಯಲ್ಲಿ ಕಟುವಾಗಿದ್ದ ಈ ಶಾಲೆ, ಬೆರಳಿನ ವಿಷಯದಲ್ಲಿ ಮಾತ್ರ ಅವಸರ ಮಾಡುತ್ತಿರಲಿಲ್ಲ.

ಮರಳಿನ ಪಾಠ ಇಂಗ್ಲೆಂಡಿಗೂ ಹೋಯಿತು. 1789ರಲ್ಲಿ ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಗಂಡುಮಕ್ಕಳ ಶಾಲೆಯ ಮೇಲ್ವಿಚಾರಕನಾದ ಆಂಡ್ರ್ಯೂ ಬೆಲ್, ಅಲ್ಲಿನ ಮಕ್ಕಳ ಶಾಲೆಯೊಂದರಲ್ಲಿ ಮರಳಿನ ಮೇಲೆ ಬೆರಳಿನಿಂದ ಬರೆಯುವುದನ್ನು ಕಂಡ. ತನ್ನ ಶಾಲೆಯಲ್ಲೂ ಮಾಡಿಸಹೋದರೆ ಉಪಾಧ್ಯಾಯರು ಒಪ್ಪಲಿಲ್ಲ. ಆಗ ಎಂಟು ವರ್ಷದ ಜಾನ್ ಫ್ರಿಸ್ಕೆನ್ ಎಂಬ ಹುಡುಗನನ್ನೇ ಕಿರಿಯರಿಗೆ ಮೇಷ್ಟ್ರನ್ನಾಗಿ ಮಾಡಿದ. 1797ರಲ್ಲಿ ಲಂಡನ್ನಿನಲ್ಲಿ ಅವನ ವರದಿ ಅಚ್ಚಾಯಿತು. ಜೋಸೆಫ್ ಲ್ಯಾಂಕಾಸ್ಟರನ ಶಾಲೆಗಳಲ್ಲಿ ಅತಿ ಚಿಕ್ಕವರ ತರಗತಿಗೆ ಮರಳಿನ ಮೇಜುಗಳು ಬಂದವು. ದೊಡ್ಡವರು ಚಿಕ್ಕವರಿಗೆ ಕಲಿಸುವ ‘ಮದರಾಸು ಪದ್ಧತಿ’ಗೆ ಜನ ಮಾರುಹೋದದ್ದು ಮುಖ್ಯವಾಗಿ ಅದರ ಅಗ್ಗದ ಖರ್ಚಿಗೆ. ಹಾಗಿದ್ದೂ ಮರಳು ಹೆಚ್ಚು ಕಾಲ ಉಳಿಯಲಿಲ್ಲ. ಸ್ಲೇಟು ಬಂತು, ಕಾಗದ ಅಗ್ಗವಾಯಿತು, ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಗಳು ಉಕ್ಕಿನ ನಿಬ್ಬನ್ನು ರಾಶಿ ರಾಶಿಯಾಗಿ ತಯಾರಿಸತೊಡಗಿದವು.

ಕರ್ಸಿವ್ ಹುಟ್ಟಿದ್ದು ಮಗುವಿಗಾಗಿ ಅಲ್ಲ ಎಂಬುದು ನಮಗೆ ಸುಲಭವಾಗಿ ಮರೆತುಹೋಗುತ್ತದೆ. ಗರಿಯ ಲೇಖನಿಯನ್ನು ಪದೇ ಪದೇ ಎತ್ತಿ ಇಟ್ಟರೆ ಮಸಿ ಚೆಲ್ಲುತ್ತದೆ, ಹೊತ್ತೂ ಹೋಗುತ್ತದೆ. ದಿನವಿಡೀ ಪತ್ರ ನಕಲು ಮಾಡುವ ಗುಮಾಸ್ತನಿಗೆ ಕೂಡಿಸಿ ಬರೆಯುವುದು ಹೊಟ್ಟೆಪಾಡಿನ ಕೌಶಲ. ಅಮೆರಿಕದಲ್ಲಿ ಪ್ಲ್ಯಾಟ್ ರೋಜರ್ಸ್ ಸ್ಪೆನ್ಸರ್, ಆಮೇಲೆ ಆಸ್ಟಿನ್ ಪಾಮರ್ ಹರಡಿದ ಬರಹದ ಶೈಲಿಗಳು ವ್ಯಾಪಾರದ ಕಚೇರಿಗಳನ್ನು ಕಣ್ಣಮುಂದಿಟ್ಟುಕೊಂಡವು. ಪಾಮರನ ಪುಸ್ತಕದ ಹೆಸರಿನಲ್ಲೇ ‘ವ್ಯವಹಾರದ ಬರವಣಿಗೆ’ ಎಂಬ ಮಾತಿದೆ. ಬೆರಳಿನಿಂದಲ್ಲ, ಇಡೀ ತೋಳಿನಿಂದ ಬರೆಯಬೇಕೆಂಬುದು ಅವನ ಕಟ್ಟಪ್ಪಣೆ. ಇತ್ತ ಇಂಗ್ಲೆಂಡಿನಲ್ಲಿ 1862ರ ನಿಯಮಾವಳಿ ಬಂದ ಮೇಲೆ, ಮಕ್ಕಳು ಓದು, ಬರಹ, ಲೆಕ್ಕದ ಪರೀಕ್ಷೆಯಲ್ಲಿ ಹೇಗೆ ಮಾಡುತ್ತಾರೆ ಎಂಬುದರ ಮೇಲೆ ಶಾಲೆಯ ಅನುದಾನ ನಿಂತಿತು. ಮರಳಿನ ಮೇಲಿನ ಅಕ್ಷರವನ್ನು ಇನ್ಸ್‌ಪೆಕ್ಟರಿಗೆ ತೋರಿಸಲು ಎತ್ತಿಡಲಾಗುವುದಿಲ್ಲ, ಕಾಪಿ ಪುಸ್ತಕವನ್ನು ಎತ್ತಿಡಬಹುದು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಆರೇ ವರ್ಷಗಳ ಅಂತರದಲ್ಲಿ, ನಮ್ಮ ಪ್ರಶ್ನೆಗೆ ಎರಡು ವಿರುದ್ಧ ಉತ್ತರಗಳು ಬಂದವು.

ಮೊದಲನೆಯದು ರೋಮಿನಿಂದಲೇ. 1907ರ ಜನವರಿ 6ರಂದು ವೈದ್ಯೆ ಮರಿಯಾ ಮಾಂಟೆಸ್ಸರಿ ಸ್ಯಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ಮಕ್ಕಳ ಮನೆಯನ್ನು ತೆರೆದರು. ಆರು ವರ್ಷದೊಳಗಿನವರಿಗೆ ಬರಹ ಕಲಿಸುವ ಉದ್ದೇಶ ಅವರಿಗೂ ಇರಲಿಲ್ಲ. ಕಲಿಸಿ ಎಂದು ಬಂದು ಕೇಳಿದವರು ಓದುಬರಹ ಬಾರದ ತಾಯಂದಿರು. ಆಗ ಮಾಂಟೆಸ್ಸರಿಗೆ ಹಳೆಯ ಅನುಭವವೊಂದು ನೆನಪಿಗೆ ಬಂತು. ಬುದ್ಧಿಮಾಂದ್ಯ ಮಕ್ಕಳೊಡನೆ ಕೆಲಸ ಮಾಡುತ್ತಿದ್ದಾಗ ಹನ್ನೊಂದು ವರ್ಷದ ಹುಡುಗಿಯೊಬ್ಬಳಿಗೆ ಹೊಲಿಗೆ ಹೇಳಿಕೊಡಲು ಸಾಧ್ಯವೇ ಆಗಿರಲಿಲ್ಲ. ಕಾಗದದ ಪಟ್ಟಿಗಳನ್ನು ಒಂದರೊಳಗೊಂದು ತೂರಿಸಿ ಚಾಪೆಯಂತೆ ಹೆಣೆಯುವ ಆಟವನ್ನು ಕೊಟ್ಟರು. ಅದು ಚೆನ್ನಾಗಿ ಬಂದ ಮೇಲೆ ಹೊಲಿಗೆಗೆ ಮರಳಿದರೆ, ಹುಡುಗಿಯ ಕೈ ಆಗಲೇ ಅದನ್ನು ಬಲ್ಲದಾಗಿತ್ತು. ಬರಹಕ್ಕೂ ಹೀಗೆಯೇ, ಬರೆಸದೆಯೇ ಕೈಯನ್ನು ಸಿದ್ಧಮಾಡಬಹುದಲ್ಲವೇ?

ಲೋಹದ ಚೌಕಟ್ಟುಗಳ ಅಂಚಿನಲ್ಲಿ ಪೆನ್ಸಿಲ್ ಓಡಿಸಿ, ಒಳಗೆ ಬಣ್ಣದ ಗೆರೆ ತುಂಬುವ ಆಟ ಪೆನ್ಸಿಲ್ ಹಿಡಿಯುವುದನ್ನು ಕಲಿಸಿತು. ರಟ್ಟಿಗೆ ಅಂಟಿಸಿದ ಉಪ್ಪುಕಾಗದದ ಅಕ್ಷರಗಳು ಅಕ್ಷರದ ದಾರಿಯನ್ನು ಬೆರಳಿಗೆ ಕಲಿಸಿದವು. ಬೆರಳಾಡಿಸುವಾಗ ಅದರ ಧ್ವನಿಯನ್ನು ಬಾಯಿ ಹೇಳುತ್ತಿತ್ತು. ಆ ಅಕ್ಷರಗಳು ಕರ್ಸಿವ್ ರೂಪದವೇ. ಎರಡು ತಿಂಗಳಾಯಿತು. ಡಿಸೆಂಬರಿನ ಬಿಸಿಲಿನ ಒಂದು ದಿನ ಮಕ್ಕಳೊಂದಿಗೆ ತಾರಸಿಯ ಮೇಲಿದ್ದಾಗ, ಐದರ ಹುಡುಗನೊಬ್ಬನಿಗೆ ಸೀಮೆಸುಣ್ಣ ಕೊಟ್ಟು ಹೊಗೆಗೂಡಿನ ಚಿತ್ರ ಬಿಡಿಸಲು ಹೇಳಿದರು. ಚಿತ್ರ ಮುಗಿಸಿದ ಹುಡುಗ ನೆಲದ ಮೇಲೆ ‘ಕೈ’, ‘ಹೊಗೆಗೂಡು’, ‘ಮಾಡು’ ಎಂಬ ಇಟಾಲಿಯನ್ ಪದಗಳನ್ನು ತಾನಾಗಿ ಬರೆದು, ನನಗೆ ಬರೆಯಲು ಬರುತ್ತದೆ ಎಂದು ಕೂಗಿಕೊಂಡ. ಬರೆಯುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಉಳಿದವರೂ ಸೀಮೆಸುಣ್ಣಕ್ಕೆ ಮುಗಿಬಿದ್ದರು. ಅವರಲ್ಲಿ ನಾಲ್ಕರ ಮಕ್ಕಳೂ ಇದ್ದರು.

ಎರಡನೆಯ ಉತ್ತರ 1913ರಲ್ಲಿ ಲಂಡನ್ನಿನಿಂದ ಬಂತು. ಲಿಪಿಕಾರ ಎಡ್ವರ್ಡ್ ಜಾನ್‌ಸ್ಟನ್ ಉಪಾಧ್ಯಾಯರ ಸಭೆಯಲ್ಲಿ ಮಾತನಾಡುತ್ತ, ಮಕ್ಕಳಿಗೆ ಮೊದಲು ಸರಳವಾದ ಬಿಡಿ ಅಕ್ಷರಗಳೇ ಸಾಕು ಎಂಬ ದಾರಿ ತೋರಿಸಿದ. ಗೀಟು ಮತ್ತು ವೃತ್ತಗಳಿಂದಾದ ಅಕ್ಷರಗಳು ಅಲ್ಲಿನ ಶಾಲೆಗಳಲ್ಲಿ ಹರಡಿದವು. ಮಾರ್ಜೊರಿ ವೈಸ್ ಅವನ್ನು ಅಮೆರಿಕಕ್ಕೆ ಒಯ್ದು 1924ರಲ್ಲಿ ಪುಸ್ತಕ ಬರೆದರು. ಮೊದಲು ಬಿಡಿ, ಏಳೆಂಟು ವರ್ಷವಾದ ಮೇಲೆ ಕೂಡು ಎಂಬ ಕ್ರಮ ಅಲ್ಲಿಂದ ನೆಲೆಗೊಂಡಿತು.

ಯಾರು ಸರಿ? ಇಬ್ಬರೂ ಸರಿಯೆಂದೇ ನನ್ನ ಎಣಿಕೆ. ಕಾರಣ, ಮಕ್ಕಳ ಕೈ ಒಂದೇ ಆದರೂ ಭಾಷೆಗಳು ಬೇರೆ. ಇಟಾಲಿಯನ್ನಿನಲ್ಲಿ ಹೆಚ್ಚುಕಡಿಮೆ ನುಡಿದಂತೆ ಬರಹ. ಧ್ವನಿ ಗೊತ್ತಿದ್ದರೆ ತನಗೆ ಗೊತ್ತಿರುವ ಯಾವ ಪದವನ್ನೂ ಮಗು ಬರೆಯಬಲ್ಲದು. ಇಂಗ್ಲಿಷಿನಲ್ಲಿ ಕಾಗುಣಿತವನ್ನು ಪುಸ್ತಕ ನೋಡಿಯೇ ಕಲಿಯಬೇಕು, ಪುಸ್ತಕದಲ್ಲಿರುವುದು ಬಿಡಿ ಅಕ್ಷರ. ಓದುವ ರೂಪ ಒಂದು, ಬರೆಯುವ ರೂಪ ಇನ್ನೊಂದಾದರೆ ಮಗುವಿಗೆ ದುಪ್ಪಟ್ಟು ಹೊರೆ.

ಇಂದಿಗೂ ದೇಶಗಳು ಒಮ್ಮತಕ್ಕೆ ಬಂದಿಲ್ಲ. ಫ್ರಾನ್ಸಿನ 2015ರ ಶಿಶುಶಾಲೆಯ ಪಠ್ಯಕ್ರಮ, ಮಗು ಆರರ ಹೊತ್ತಿಗೆ ತನ್ನ ಹೆಸರನ್ನು ಕರ್ಸಿವ್‌ನಲ್ಲಿ ನೋಡದೆ ಬರೆಯಬೇಕೆನ್ನುತ್ತದೆ. ಅಷ್ಟಕ್ಕೂ ಮೊದಲು ದೊಡ್ಡಕ್ಷರಗಳಲ್ಲಿ ಬರೆದು, ವರ್ಷಗಟ್ಟಲೆ ಸುರುಳಿ, ಅಲೆ, ಕಮಾನುಗಳನ್ನು ಗೀಚಿರುತ್ತದೆ. ಫಿನ್‌ಲೆಂಡ್ 2016ರಲ್ಲಿ ಕೂಡುಬರಹದ ಕಡ್ಡಾಯವನ್ನೇ ಕೈಬಿಟ್ಟಿತು. ಕ್ಯಾಲಿಫೋರ್ನಿಯಾ 2023ರ ಕಾನೂನಿನಿಂದ ಅದನ್ನು ಮರಳಿ ತಂದಿತು, ಆದರೆ ಒಂದನೆಯ ತರಗತಿಯಿಂದ ಮೇಲಕ್ಕೆ. ಕರ್ಸಿವ್ ಮೆದುಳಿಗೆ ಒಳ್ಳೆಯದೆಂದು ಹೇಳುವವರು ಇಂಡಿಯಾನಾ ವಿಶ್ವವಿದ್ಯಾಲಯದ ಕ್ಯಾರಿನ್ ಜೇಮ್ಸ್ ಅವರ 2012ರ ಅಧ್ಯಯನವನ್ನು ಹೆಸರಿಸುವುದುಂಟು. ಓದು ಬಾರದ ಐದರ ಮಕ್ಕಳು ಅಕ್ಷರವನ್ನು ಸ್ವತಃ ಬರೆದಾಗ, ಓದಿಗೆ ನೆರವಾಗುವ ಮೆದುಳಿನ ಭಾಗಗಳು ಎಚ್ಚೆತ್ತವು. ಟೈಪ್ ಮಾಡಿದಾಗಲೂ ಚುಕ್ಕಿಗಳ ಮೇಲೆ ಗೆರೆ ಎಳೆದಾಗಲೂ ಹಾಗಾಗಲಿಲ್ಲ. ಆದರೆ ಆ ಮಕ್ಕಳು ಬರೆದದ್ದು ಬಿಡಿ ಅಕ್ಷರ. ಕೈಯಾರೆ ಬರೆಯುವುದು ಮುಖ್ಯ ಎಂಬುದಕ್ಕೆ ಅದು ಸಾಕ್ಷಿ, ಕೂಡಿಸಿ ಬರೆಯುವುದಕ್ಕಲ್ಲ.

ಕನ್ನಡದ ಮಗುವಿನ ಸ್ಥಿತಿಯನ್ನು ಈಗ ನೋಡೋಣ. ಕನ್ನಡವೂ ಇಟಾಲಿಯನ್ನಿನಂತೆ ನುಡಿದಂತೆ ಬರೆಯುವ ಭಾಷೆ. ಅಕ್ಷರಗಳು ಗುಂಡಗೆ, ಒಂದರ ಪಕ್ಕ ಒಂದು ಕೂರುತ್ತವೆ, ಕೂಡಿಸುವ ಗೋಜಿಲ್ಲ. 1995ರಲ್ಲಿ ಎಚ್. ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ, ವರ್ಣಮಾಲೆಯ ಸಾಲನ್ನು ಬಿಟ್ಟು ‘ರ, ಗ, ಸ, ದ, ಅ’ ಎಂದು ಆರಂಭಿಸುತ್ತದೆ. ತಿದ್ದಲು ಸುಲಭವಾದ ಐದು ಅಕ್ಷರ ಬಂದರೆ ಸರ, ಅಗಸ, ಅರಸ, ಸರಸ ಎಂದು ಮಗು ಆಗಲೇ ಪದ ಕಟ್ಟುತ್ತದೆ. ಸ್ಯಾನ್ ಲೊರೆಂಜೊದ ತಾರಸಿಯ ಮೇಲೆ ಆದದ್ದು ನಮ್ಮ ಹಳ್ಳಿಯ ಶಾಲೆಯಲ್ಲೂ ಆಗಬಲ್ಲದು.

ಎಲ್‌ಕೆಜಿಯ ಕಾಪಿ ಪುಸ್ತಕ ಮಾಡುವುದು ಇದಕ್ಕೆ ತದ್ವಿರುದ್ಧ. ಮನೆಯಲ್ಲಿ ಆಡದ ಭಾಷೆ, ನುಡಿದಂತೆ ಬರೆಯದ ಕಾಗುಣಿತ, ಓದುವ ಪುಸ್ತಕದಲ್ಲಿಲ್ಲದ ರೂಪ, ಅಳಿಸಿದರೂ ಕಲೆ ಉಳಿಯುವ ಕಾಗದ ಇವೆಲ್ಲ ಒಟ್ಟಿಗೆ ಮಗುವಿನ ಮುಂದೆ ಬರುತ್ತವೆ. ಮಾಂಟೆಸ್ಸರಿಯವರ ಹೆಸರು ಹೊತ್ತ ಫಲಕದ ಕೆಳಗೂ ಇದು ನಡೆಯುವುದುಂಟು. ಅವರು 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು ನಮ್ಮ ದೇಶದ ಶಿಕ್ಷಕರಿಗೆ ಪಾಠ ಮಾಡಿದರು. ಬೆಲ್ ಮರಳಿನ ಪಾಠ ಕಲಿತು ಒಯ್ದ ಊರಿಗೇ, ನೂರೈವತ್ತು ವರ್ಷಗಳ ನಂತರ ಉಪ್ಪುಕಾಗದದ ಅಕ್ಷರ ಬಂದಿಳಿದಿತ್ತು. ಅವರ ಕರ್ಸಿವ್ ಅನ್ನು ಇಟ್ಟುಕೊಂಡು ಅದರ ಹಿಂದಿನ ಸಿದ್ಧತೆಯನ್ನು ಬಿಟ್ಟದ್ದು ನಾವು.

ನಾಲ್ಕರ ಮಗು ಸಿದ್ಧವೇ ಎಂದು ಕೇಳುವವರಿಗೆ ಇತಿಹಾಸ ಹೇಳುವುದಿಷ್ಟು: ಬೆರಳು ಸಿದ್ಧ, ಬಾಯಿ ಸಿದ್ಧ, ಆಟಕ್ಕಂತೂ ಇಡೀ ಮಗುವೇ ಸಿದ್ಧ. ಅಕ್ಕಿ, ಮರಳು, ಸ್ಲೇಟು, ರಂಗೋಲಿ ಪುಡಿ ಅದಕ್ಕೆ ಸಾಕು. ಇಂಗ್ಲಿಷಿನ ಕೂಡುಬರಹ ಏಳೆಂಟರಲ್ಲಿ ಬಂದರೆ ಏನೂ ನಷ್ಟವಿಲ್ಲ, ಆ ಹೊತ್ತಿಗೆ ಕೆಲವೇ ವಾರಗಳ ಕೆಲಸ ಅದು. ಅಕ್ಷರವೆಂದರೆ ಅಂಜುವ ಮಗುವಿನ ಅಂಜಿಕೆ ಬಿಡಿಸಲು ಎಷ್ಟು ವರ್ಷ ಬೇಕೋ, ಅದನ್ನು ಯಾವ ಪಠ್ಯಕ್ರಮವೂ ಲೆಕ್ಕ ಹಾಕಿಟ್ಟಿಲ್ಲ.