ಕಾರಿನ ಸಬ್‌ವೂಫರ್ ಮತ್ತು ನೆರೆಮನೆಯ ಗೋಡೆ



ನಮ್ಮ ಯುವಕರಲ್ಲಿ ಒಬ್ಬನು ಈಚೆಗೆ ಹಳೆಯ ಕಾರೊಂದನ್ನು ಕೊಂಡ. ಭಾನುವಾರ ಆರಾಧನೆ ಮುಗಿದದ್ದೇ ನನ್ನನ್ನು ಹಿಡಿದು ನಿಲ್ಲಿಸಿದ. "ಅಣ್ಣಾ, ನೀನು ಬಿಎಸ್ಸಿ ಓದಿದವನು. ಯಾವ ಆಂಪ್ಲಿಫೈಯರ್, ಎಷ್ಟು ಇಂಚಿನ ಸಬ್‌ವೂಫರ್ ಹಾಕಿಸಲಿ? ಕ್ರಿಸ್ಮಸ್ ಗೀತೆಗಳಿಗೆ ಮನೆಮನೆಗೆ ಹೊರಟಾಗ ಇಡೀ ತಾಂಡೂರಿಗೆ ಕೇಳಬೇಕು" ಎಂದ. ನಾನು ಆಗಲೇ ಉತ್ತರ ಹೇಳಲಿಲ್ಲ. ಹೇಳುವ ಮೊದಲು ದೊಡ್ಡ ಧ್ವನಿಯ ಕಥೆಯನ್ನು ಒಮ್ಮೆ ಹಿಂತಿರುಗಿ ನೋಡಬೇಕೆನಿಸಿತು. ಆ ಕಥೆಯಲ್ಲಿ ನಮ್ಮ ಸಭೆಗಳಿಗೂ ಪಾಲಿದೆ.

ಮೈಕು ಇಲ್ಲದ ಕಾಲದಲ್ಲಿ ಬೋಧಕನ ಗಂಟಲೇ ಎಲ್ಲ. 1739ರಲ್ಲಿ ಜಾರ್ಜ್ ವೈಟ್‌ಫೀಲ್ಡ್ ಎಂಬ ಬೋಧಕರು ಫಿಲಡೆಲ್ಫಿಯಾದಲ್ಲಿ ಬಯಲಲ್ಲೇ ಪ್ರಸಂಗ ಮಾಡುತ್ತಿದ್ದಾಗ ಬೆಂಜಮಿನ್ ಫ್ರಾಂಕ್ಲಿನ್ ಕೇಳಲು ಹೋಗಿದ್ದರು. ಮಾತು ಎಲ್ಲಿಯವರೆಗೆ ಸ್ಪಷ್ಟವಾಗಿ ಕೇಳುತ್ತದೆಂದು ಅವರು ಹಿಂದೆ ಹಿಂದೆ ನಡೆಯುತ್ತಾ ಅಳೆದು, ಈ ದನಿಯನ್ನು 30,000ಕ್ಕೂ ಹೆಚ್ಚು ಜನ ಕೇಳಬಲ್ಲರೆಂದು ಲೆಕ್ಕ ಹಾಕಿದರು. ಅವರು ಅಳೆದದ್ದು ಸದ್ದನ್ನಲ್ಲ, ಮಾತು ತಿಳಿಯುವ ದೂರವನ್ನು. ಇದನ್ನು ನೆನಪಿಡಿ.

1906ರಲ್ಲಿ ಲೀ ಡಿ ಫಾರೆಸ್ಟ್ ಆಡಿಯಾನ್ ಎಂಬ ನಿರ್ವಾತ ಕೊಳವೆಯನ್ನು ರೂಪಿಸಿದರು. ಅವರು ಒಬ್ಬ ಸಭಾಪಾಲಕರ ಮಗ. ಮುಂದೆ ಕ್ಷೀಣ ವಿದ್ಯುತ್ ಸಂಕೇತವನ್ನು ಹಿಗ್ಗಿಸುವ ಆಂಪ್ಲಿಫೈಯರ್ ಹುಟ್ಟಿದ್ದು ಇದರಿಂದಲೇ. 1915ರ ಕ್ರಿಸ್ಮಸ್ ಹಿಂದಿನ ಸಂಜೆ ಜೆನ್ಸನ್ ಮತ್ತು ಪ್ರಿಡ್‌ಹ್ಯಾಮ್ ಎಂಬ ಇಬ್ಬರು ಸ್ಯಾನ್ ಫ್ರಾನ್ಸಿಸ್ಕೋ ನಗರಸಭೆಯ ಮುಂದೆ ತಮ್ಮ ಧ್ವನಿವರ್ಧಕವನ್ನು ದೊಡ್ಡ ಜನಸಮೂಹಕ್ಕೆ ಕೇಳಿಸಿದರು. ಅದಕ್ಕೆ ಅವರಿಟ್ಟ ಹೆಸರು ಮ್ಯಾಗ್ನವಾಕ್ಸ್. ಲ್ಯಾಟಿನ್ನಿನಲ್ಲಿ ಹಾಗೆಂದರೆ ಮಹಾಧ್ವನಿ.

1930ರಲ್ಲಿ ಅಮೆರಿಕದ ಪಾಲ್ ಗಾಲ್ವಿನ್ ಕಾರಿನ ರೇಡಿಯೋಗೆ ಮೋಟೊರೋಲಾ ಎಂಬ ಹೆಸರಿಟ್ಟು ಮಾರುಕಟ್ಟೆಗೆ ತಂದರು. 1947ರಲ್ಲಿ ಟ್ರಾನ್ಸಿಸ್ಟರ್ ಬಂತು. 1955ರ ಹೊತ್ತಿಗೆ ಕೊಳವೆಗಳಿಲ್ಲದ, ಬರೀ ಟ್ರಾನ್ಸಿಸ್ಟರಿನ ಕಾರ್ ರೇಡಿಯೋ ಕ್ರೈಸ್ಲರ್ ಕಾರಿನಲ್ಲಿ ಕೂತಿತು. 1961ರಲ್ಲಿ ಆಸ್ಟ್ರೇಲಿಯಾದ ನೆವಿಲ್ ಥೀಲ್, 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಅವರು ಸ್ಪೀಕರಿಗೂ ಅದರ ಪೆಟ್ಟಿಗೆಗೂ ಇರುವ ಸಂಬಂಧವನ್ನು ಗಣಿತದಲ್ಲಿ ತೋರಿಸಿದರು. ಇಂದು ಒಳ್ಳೆಯ ಸಬ್‌ವೂಫರ್ ಕೊಂಡಾಗ ಎಷ್ಟು ಲೀಟರಿನ ಪೆಟ್ಟಿಗೆ ಬೇಕೆಂದು ಬರೆದಿರುವುದು ಆ ಲೆಕ್ಕದಿಂದಲೇ.

ನಮ್ಮ ಸೀಮೆಯಲ್ಲೂ ಜೀಪಿನ ಮೇಲಿನ ಕಹಳೆ ಆಕಾರದ ಹಾರ್ನ್ ಸ್ಪೀಕರನ್ನು ನೋಡದವರು ಯಾರು? ನವೆಂಬರಿನ ಧಾರೂರು ಜಾತ್ರೆಯಲ್ಲಿ ಸಾವಿರಾರು ಜನರಿಗೆ ಮೈಕಿಲ್ಲದೆ ಪ್ರಸಂಗ ತಲುಪಿಸುವುದು ಹೇಗೆ? ಧ್ವನಿವರ್ಧಕ ನಮಗೆ ಉಪಕಾರವನ್ನೇ ಮಾಡಿದೆ.

ಆದರೆ ಈ ಕಥೆಯಲ್ಲಿ ನಾವು ಮರೆಯಬಾರದ ಒಂದು ದಿನವಿದೆ, 2000ದ ಆಗಸ್ಟ್ 30. ಚೆನ್ನೈನ ಚರ್ಚ್ ಆಫ್ ಗಾಡ್ ಸಭೆಯೊಂದರ ಧ್ವನಿವರ್ಧಕ ಮತ್ತು ಡ್ರಮ್ಮಿನ ಸದ್ದಿನ ಮೇಲೆ ಅಕ್ಕಪಕ್ಕದ ನಿವಾಸಿಗಳು ಹೂಡಿದ ವ್ಯಾಜ್ಯದಲ್ಲಿ ಅಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಇತರರ ಶಾಂತಿ ಕೆಡಿಸಿ ಪ್ರಾರ್ಥಿಸಿ ಎಂದು ಯಾವ ಧರ್ಮವೂ ಹೇಳುವುದಿಲ್ಲ ಎಂಬುದು ಅದರ ಸಾರ. ಎಲ್ಲ ಧರ್ಮದವರಿಗೂ ಅನ್ವಯಿಸುವ ಈ ಪಾಠ ದೇಶಕ್ಕೆ ಬಂದದ್ದು ಒಂದು ಕ್ರೈಸ್ತ ಸಭೆಯ ಪ್ರಕರಣದಿಂದ. ಅದೇ ವರ್ಷ ಜಾರಿಯಾದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗಡೆ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳಿಗೆ ಸರ್ಕಾರ ಮಿತವಾಗಿ ವಿನಾಯಿತಿ ಕೊಡಬಹುದು, ಅಷ್ಟೇ.

ಇನ್ನು ವಿಜ್ಞಾನದ ಮಾತು. 50 ಹರ್ಟ್ಸ್ ಬೇಸ್ ಸದ್ದಿನ ಅಲೆಯ ಉದ್ದ ಸುಮಾರು 7 ಮೀಟರ್, ಕಾರಿಗಿಂತ ಉದ್ದ. ಬಾಗಿಲು, ಗಾಜು, ಗೋಡೆ ಇವು ಅದನ್ನು ಸರಿಯಾಗಿ ತಡೆಯಲಾರವು. ಮಾತನ್ನು ಸ್ಪಷ್ಟಗೊಳಿಸುವ ವ್ಯಂಜನಗಳ ಸದ್ದು ಹೆಚ್ಚಾಗಿ ಇರುವುದು 2,000 ಹರ್ಟ್ಸ್ ಮತ್ತು ಅದರ ಮೇಲೆ. ಅದು ಗೋಡೆಯಲ್ಲೇ ಬಹುಪಾಲು ನಿಂತುಹೋಗುತ್ತದೆ. ಅಂದರೆ ನಮ್ಮ ಕಾರಿನ ಕ್ರಿಸ್ಮಸ್ ಗೀತೆಯಲ್ಲಿ ನೆರೆಮನೆಯ ಒಳಗೆ ತಲುಪುವುದು ಯೇಸುವಿನ ಹೆಸರಲ್ಲ, ಬರೀ ಧಡ್ ಧಡ್. ಒಮ್ಮೆ ನಾವು ರಾತ್ರಿ 11ಕ್ಕೆ ಹಾಡುತ್ತಿದ್ದಾಗ ಒಬ್ಬ ತಾಯಿ ಹೊರಬಂದು, ಒಳಗೆ ಜ್ವರದ ಮಗು ಮಲಗಿದೆ ಎಂದು ಕೈಮುಗಿದರು. ನಾವು ಆಫ್ ಮಾಡಿದೆವು, ಹಾಡು ಮುಗಿಸಿದ ಮೇಲೆ. ಆ ತಡ ಇಂದಿಗೂ ನನ್ನನ್ನು ಚುಚ್ಚುತ್ತದೆ.

ಹಾಗಾಗಿ ತಮ್ಮನಿಗೆ ನಾನು ಹೇಳಿದ್ದು ಇಷ್ಟು. ಡಬ್ಬದ ಮೇಲಿನ ಪೀಕ್ ವ್ಯಾಟ್ ನೋಡಬೇಡ, ಆರ್‌ಎಂಎಸ್ ನೋಡು. ವ್ಯಾಟ್ ಎರಡರಷ್ಟಾದರೆ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಸದ್ದು ಎರಡರಷ್ಟು ಅನಿಸಬೇಕಾದರೆ ಹತ್ತರಷ್ಟು ವ್ಯಾಟ್ ಬೇಕು. ಸಣ್ಣ ಕಾರಿಗೆ ಮುಚ್ಚಿದ ಪೆಟ್ಟಿಗೆಯ 10 ಇಂಚಿನ ಒಂದು ಸಬ್‌ವೂಫರ್ ಸಾಕು. ಅದು 4 ಓಮ್, 250 ವ್ಯಾಟ್ ಆರ್‌ಎಂಎಸ್ ಇದ್ದರೆ ಆಂಪ್ಲಿಫೈಯರೂ 4 ಓಮ್‌ಗೆ ಅಷ್ಟೇ ಕೊಡಲಿ. ಕ್ಲಾಸ್ ಡಿ ಆಂಪ್ಲಿಫೈಯರ್ ಆದರೆ ಪೂರ್ಣ ಶಕ್ತಿಯಲ್ಲಿ ಸುಮಾರು 23 ಆಂಪಿಯರ್ ಎಳೆಯುತ್ತದೆ. ಅದಕ್ಕೆ ತಕ್ಕ ದಪ್ಪ ತಾಮ್ರದ ತಂತಿ ಬೇಕು, ಬ್ಯಾಟರಿಯ ಹತ್ತಿರವೇ ಫ್ಯೂಸ್ ಬೇಕು. ಇಲ್ಲದಿದ್ದರೆ ಬೆಂಕಿಯ ಭಯ. ಸಬ್‌ವೂಫರಿಗೆ 80 ಹರ್ಟ್ಸ್‌ಗಿಂತ ಕೆಳಗಿನ ಸದ್ದನ್ನು ಮಾತ್ರ ಬಿಡು. ಗೇನ್ ತಿರುಗಣೆ ವಾಲ್ಯೂಮ್ ಅಲ್ಲ, ಅದನ್ನು ಪೂರ್ತಿ ತಿರುಗಿಸಬೇಡ. ಉಳಿದ ಹಣದಲ್ಲಿ ಬಾಗಿಲಿನ ಸ್ಪೀಕರ್ ಚೆನ್ನಾದದ್ದು ಹಾಕಿಸು, ಹಾಡಿನ ಮಾತು ಬರುವುದು ಅಲ್ಲಿಂದ. ಕೊನೆಗೆ ಬಾಗಿಲು ಮುಚ್ಚಿ, ಹಾಡು ಹಾಕಿ, ಹತ್ತು ಹೆಜ್ಜೆ ದೂರ ನಿಂತು ಕೇಳು. ಅಲ್ಲಿಗೂ ಧಡಧಡ ಬಂದರೆ ತಗ್ಗಿಸು.

1956ರವರೆಗೆ ಗುಲ್ಬರ್ಗಾ ಜಿಲ್ಲೆಯಲ್ಲಿದ್ದ ತಾಂಡೂರು ತಾಲ್ಲೂಕು ನಮ್ಮದು. ಗಡಿ ಬದಲಾಯಿತು, ನೆರೆಹೊರೆ ಬದಲಾಗಲಿಲ್ಲ. ಕನ್ನಡ, ತೆಲುಗು, ಉರ್ದು ಆಡುವವರು ಇಲ್ಲಿ ಒಂದೇ ಬೀದಿಯಲ್ಲಿ ಬಾಳುತ್ತಾರೆ. ಅವರಿಗೆ ನಮ್ಮ ಸಾಕ್ಷಿ ಗೋಡೆ ನಡುಗಿಸಿ ತಲುಪುವಂಥದ್ದಲ್ಲ. ಎಲೀಯನು ದೇವರನ್ನು ಕಂಡುಕೊಂಡದ್ದು ಬಿರುಗಾಳಿಯಲ್ಲಲ್ಲ, ಭೂಕಂಪದಲ್ಲೂ ಅಲ್ಲ, ಮೆಲುದನಿಯಲ್ಲಿ.

ಈ ಕ್ರಿಸ್ಮಸ್ಸಿಗೆ ಆ ಕಾರು ನಮ್ಮೊಂದಿಗೆ ಬರುತ್ತದೆ, ಗಿಟಾರ್ ಮತ್ತು ಅಜ್ಜಿಯರನ್ನು ಹೊತ್ತುಕೊಂಡು. ಹಾಡುವುದು ನಾವೇ, ರಾತ್ರಿ 10ರೊಳಗೆ. ಜ್ವರದ ಮಗುವಿದ್ದ ಆ ಮನೆಗೆ ಮೊದಲು ಹೋಗೋಣ. ಬನ್ನಿ.